‘ಏನೂ ಇಲ್ರಿ, ಮನ್ಯಾಗ ಇರ್ತೀನಿ’ ಅನ್ನೋದನ್ನು ಬಿಡೋಣ

ಮದುವೆ ಮನೆಯಲ್ಲೋ ಮಕ್ಕಳ ಶಾಲೆಯ ಗೇಟಿನ ಮುಂದೋ ಯಾರಾದರೂ ‘ನೀವು ಏನ್ ಮಾಡ್ತೀರಿ?’ ಅಂತ ಕೇಳಿದರೆ ನಮ್ಮ ಗದಗ-ಬೆಟಗೇರಿ ಕಡೆಯ ಹೆಣ್ಣುಮಕ್ಕಳ ಬಾಯಿಂದ ಥಟ್ಟನೆ ಬರುವ ಉತ್ತರ ಒಂದೇ. ‘ಏನೂ ಇಲ್ರಿ, ಮನ್ಯಾಗ ಇರ್ತೀನಿ.’ ಹೀಗೆ ಹೇಳಿದಾಕೆ ಬೆಳಗ್ಗೆ ಐದಕ್ಕೆ ಎದ್ದು ಐವತ್ತು ರೊಟ್ಟಿ ಬಡಿದು ಖಾನಾವಳಿಗೆ ಕಳಿಸಿರುತ್ತಾಳೆ. ಮಧ್ಯಾಹ್ನ ಓಣಿಯ ಹುಡುಗಿಯರಿಗೆ ಕಸೂತಿ ಹೇಳಿಕೊಡುತ್ತಾಳೆ. ಸಂಜೆ ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತಾಳೆ. ಆದರೂ ‘ಏನೂ ಇಲ್ರಿ’!

ಇಂಥವರಿಗೆ ‘ನಿಮ್ಮ ಕೆಲಸದ ಬಗ್ಗೆ ಪತ್ರಿಕೆಗೆ ಒಂದು ಪತ್ರ ಬರೀರಿ, ರೇಡಿಯೊದವರಿಗೆ ಒಂದು ಮಾತು ತಿಳಿಸ್ರಿ’ ಅಂದರೆ ಸಾಕು, ಮುಖ ಕೆಂಪಾಗುತ್ತದೆ. ‘ಅಯ್ಯ, ನಮ್ಮ ಬಗ್ಗೆ ನಾವ ಹೇಳ್ಕೊಳ್ಳೂದೇನ್ರಿ? ಮಂದಿ ಏನಂದಾರು?’ ಅನ್ನುತ್ತಾರೆ. ಜೊತೆಗೆ ಒಂದು ಗಾದೆ ಸಿದ್ಧವಾಗಿಯೇ ಇರುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ!

ನಿಜ, ತುಂಬಿದ ಕೊಡ ತುಳುಕಬೇಕಾಗಿಲ್ಲ. ಆದರೆ ಅದನ್ನು ಒಂಚೂರು ಬಗ್ಗಿಸದಿದ್ದರೆ ನೀರಡಿಸಿ ಬಂದವರಿಗೆ ನೀರು ಸಿಗೋದು ಹೇಗೆ, ನೀವೇ ಹೇಳಿ? ತನ್ನ ಕೆಲಸದ ಬಗ್ಗೆ ಹೇಳುವುದು ಬೇರೆ, ಜಂಬ ಕೊಚ್ಚಿಕೊಳ್ಳುವುದು ಬೇರೆ. ಇವೆರಡನ್ನೂ ಒಂದೇ ಅಂದುಕೊಂಡಿರುವುದೇ ನಮ್ಮ ಹೆಣ್ಣುಮಕ್ಕಳನ್ನು ಬಹಳ ಕಾಲದಿಂದ ಹಿಂದಕ್ಕೆ ಹಿಡಿದಿದೆ ಅಂತ ನನ್ನ ಅನಿಸಿಕೆ.

ಅತ್ತಿಮಬ್ಬೆಯ ಊರಿನವರು ನಾವು

ನಮ್ಮ ಗದಗ ಪಕ್ಕದ ಲಕ್ಕುಂಡಿಗೆ ಹೋಗದವರು ಯಾರಿದ್ದಾರೆ? ಅಲ್ಲಿಯ ಬ್ರಹ್ಮಜಿನಾಲಯ ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಕ್ರಿ.ಶ. 1007ರ ಅಲ್ಲಿನ ಶಾಸನ ಆಕೆಯ ಗುಣಗಾನ ಮಾಡುತ್ತದೆ. ಮುದ್ರಣ ಯಂತ್ರದ ಹೆಸರೂ ಇಲ್ಲದ ಆ ಕಾಲದಲ್ಲಿ ಪೊನ್ನ ಕವಿಯ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿದ ಹೆಣ್ಣುಮಗಳು ಆಕೆ. ಒಳ್ಳೆಯದು ಒಂದು ಕಡೆ ಇದ್ದರೆ ಸಾಲದು, ಅದು ನಾಲ್ಕು ಮಂದಿಗೆ ಮುಟ್ಟಬೇಕು ಅನ್ನೋದು ಆಕೆಗೆ ಗೊತ್ತಿತ್ತು. ಆಕೆ ಇಂದಿಗೂ ನಮಗೆ ಗೊತ್ತಿರುವುದು ಹೇಗೆ? ರನ್ನ ಕವಿ ಬರೆದ, ಕಲ್ಲಿನ ಮೇಲೆ ಕೆತ್ತಿದರು. ಅದರಿಂದ!

ಇನ್ನು ನಮ್ಮ ಕಸೂತಿ ನೋಡಿ. ಗೋಪುರ, ತೇರು, ಆನೆ, ತುಳಸಿಕಟ್ಟೆ ಅಂತ ಎಷ್ಟು ಚೆಂದದ ಚಿತ್ತಾರಗಳು! ಹಿಂದೆ ಮುಂದೆ ಒಂದೇ ರೀತಿ ಕಾಣುವ ಗವಂತಿ ಹೊಲಿಗೆ ಕಂಡು ಬೇರೆ ರಾಜ್ಯದವರು ಬೆರಗಾಗುತ್ತಾರೆ. ಕಸೂತಿಗೆ ಸರ್ಕಾರದ ಭೌಗೋಳಿಕ ಗುರುತೂ ಸಿಕ್ಕಿದೆ. ಆದರೆ ತಲೆತಲಾಂತರದಿಂದ ಅದನ್ನು ಹೊಲಿದು ಕಾಪಾಡಿದ ನಮ್ಮ ಅಜ್ಜಿ ಮುತ್ತಜ್ಜಿಯರ ಹೆಸರು ಯಾರಿಗಾದರೂ ಗೊತ್ತಾ? ಯಾರೂ ಅವರನ್ನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬೆಟಗೇರಿಯ ಮಗ್ಗದ ಮನೆಗಳ ಮಾತೂ ಅಷ್ಟೇ. ಗಂಡ ನೇಯುತ್ತಾನೆ, ಹೆಂಡತಿ ಕಂಡಿಕೆ ಸುತ್ತುತ್ತಾಳೆ, ಎಳೆ ಜೋಡಿಸುತ್ತಾಳೆ. ಆಕೆ ಕೈ ಬಿಟ್ಟರೆ ಮಗ್ಗ ನಿಲ್ಲುತ್ತದೆ. ಆದರೂ ಹೊರಗಿನವರು ಬಂದು ಕೇಳಿದಾಗ ಮಾತಾಡುವುದು ಗಂಡಸರು, ಫೋಟೊಕ್ಕೆ ನಿಲ್ಲುವುದೂ ಅವರೇ. ಆಕೆಯ ಕೆಲಸಕ್ಕೆ ‘ಕೈ ಜೋಡಿಸ್ತಾಳ’ ಅಂತ ಹೆಸರು. ಹೆಸರಿಲ್ಲದ ಕೆಲಸಕ್ಕೆ ಕೂಲಿಯೂ ಇಲ್ಲ, ಸಾಲ ಕೇಳಲು ಹೋದರೆ ದಾಖಲೆಯೂ ಇಲ್ಲ. ಹಾಗಾಗಿ ಪತ್ರಿಕೆಯಲ್ಲಿ, ರೇಡಿಯೊದಲ್ಲಿ ಮಾತಾಡುವುದು ಬರೀ ಶೋಕಿ ಅಂತ ತಿಳಿಯಬೇಡಿ. ನಮ್ಮ ಕೆಲಸದ ಬಗ್ಗೆ ನಾವು ಹೇಳದಿದ್ದರೆ ಬೇರೆಯವರು ಹೇಳುತ್ತಾರೆ, ಇಲ್ಲವೇ ಯಾರೂ ಹೇಳುವುದಿಲ್ಲ.

ಲಕ್ಷ್ಮೇಶ್ವರದಿಂದ ದೂರವಿಲ್ಲದ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಸುದ್ದಿ ನೀವು ಓದಿರಬಹುದು. ಅಲ್ಲಿಯ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘದವರು ಸಿರಿಧಾನ್ಯ ಬೆಳೆಸುವುದು, ಬೀಜ ಬ್ಯಾಂಕ್ ನಡೆಸುವುದು ಅಂತ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ‘ಈಕ್ವೇಟರ್’ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. ಹುಡುಕಿಕೊಂಡು ಬಂತು ಅಂತ ಬಾಯಿಮಾತಿಗೆ ಹೇಳುತ್ತೇವೆ, ಆದರೆ ಅಂಥ ಪ್ರಶಸ್ತಿಗೆ ಮೊದಲು ಹೆಸರು ಸಲ್ಲಿಸಬೇಕು. ಏನು ಮಾಡಿದ್ದೇವೆ, ಎಷ್ಟು ಮಂದಿಗೆ ಉಪಯೋಗವಾಗಿದೆ ಅಂತ ಬರೆದು ತಿಳಿಸಬೇಕು. ಹೊಲದಲ್ಲಿ ದುಡಿದದ್ದು ಎಷ್ಟು ಮುಖ್ಯವೋ ಅದನ್ನು ಬರೆದು ತಿಳಿಸಿದ್ದೂ ಅಷ್ಟೇ ಮುಖ್ಯ.

ಯಾವ ಬಾಗಿಲು ಎಲ್ಲಿದೆ?

ಮೊದಲ ಬಾಗಿಲು ಪತ್ರಿಕೆಗಳದ್ದು. ವಾಚಕರ ಪತ್ರ, ಮಹಿಳಾ ಪುರವಣಿ, ಜಿಲ್ಲಾ ಪುಟ ಈ ಮೂರರಲ್ಲಿ ನಿಮ್ಮ ವಿಷಯ ಯಾವುದಕ್ಕೆ ಹೊಂದುತ್ತದೆ ಅಂತ ಮೊದಲು ನೋಡಿಕೊಳ್ಳಿ. ಊರಿನ ವರದಿಗಾರರು ಜಿಲ್ಲಾ ಪುಟಕ್ಕೆ ಬರೆಯುತ್ತಾರೆ, ಪುರವಣಿಯ ವಿಭಾಗ ಬೇರೆ. ಅವರಿಗೆ ಹೇಳಬೇಕಾದದ್ದನ್ನು ಇವರಿಗೆ, ಇವರಿಗೆ ಹೇಳಬೇಕಾದದ್ದನ್ನು ಅವರಿಗೆ ಕಳಿಸಿದರೆ ಪತ್ರ ಅಲ್ಲೇ ಉಳಿಯುತ್ತದೆ.

ಎರಡನೆಯದು ನಮ್ಮ ಧಾರವಾಡ ಆಕಾಶವಾಣಿ. 1950ರ ಜನವರಿಯಲ್ಲಿ ಶುರುವಾದ ಈ ಕೇಂದ್ರದಲ್ಲಿ ವರಕವಿ ಬೇಂದ್ರೆಯವರೂ ಕೆಲಸ ಮಾಡಿದ್ದಾರೆ. ಹಾಡು, ನಾಟಕಕ್ಕಾದರೆ ಧ್ವನಿ ಪರೀಕ್ಷೆ ಇರುತ್ತದೆ. ಭಾಷಣ, ಸಂದರ್ಶನಕ್ಕೆ ಹಾಗಿಲ್ಲ, ವಿಷಯ ಗೊತ್ತಿದ್ದವರನ್ನು ಕರೆಯುತ್ತಾರೆ. ಕಾರ್ಯಕ್ರಮಗಳ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಮೊದಲೇ ಹಾಕಿಕೊಳ್ಳುವುದು ಆಕಾಶವಾಣಿಯ ಪದ್ಧತಿ. ಹಾಗಾಗಿ ಹಬ್ಬ ನಾಳೆ ಅನ್ನುವಾಗ ಪತ್ರ ಹಾಕಿದರೆ ಪ್ರಯೋಜನವಿಲ್ಲ. ಇನ್ನೊಂದು ಮಾತು. ಸರ್ಕಾರಿ ಬಾನುಲಿಯಲ್ಲಿ ನಿಮ್ಮ ಅಂಗಡಿಯ ಜಾಹೀರಾತು ಮಾಡುವಂತಿಲ್ಲ, ನಿಮಗೆ ಗೊತ್ತಿರುವ ವಿದ್ಯೆಯನ್ನಷ್ಟೇ ಹೇಳಬೇಕು. ‘ಧಾರವಾಡದ ತನಕ ಹೋಗೂದು ಹೆಂಗ?’ ಅನ್ನುವವರಿಗೆ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಇದ್ದೇ ಇದೆ. ಆಧಾರ್ ಕಾರ್ಡ್ ಪರ್ಸಿನಲ್ಲಿಟ್ಟುಕೊಂಡು ಬಸ್ ಹತ್ತಿದರಾಯಿತು!

ಮೂರನೆಯದು ಟೀವಿ. ಬೆಂಗಳೂರು ದೂರದರ್ಶನದ ‘ಚಂದನ’ದಲ್ಲಿ ಅತಿಥಿಗಳನ್ನು ಕರೆದು ಮಾತಾಡಿಸುವ ಕಾರ್ಯಕ್ರಮಗಳಿವೆ. ಆದರೆ ಮೊದಲ ಪ್ರಯತ್ನವೇ ಟೀವಿ ಆಗುವುದು ಬೇಡ. ಪತ್ರಿಕೆಯಲ್ಲಿ ಒಂದು ಬರಹ, ರೇಡಿಯೊದಲ್ಲಿ ಒಂದು ಸಂದರ್ಶನ ಆದಮೇಲೆ ಆ ಮೆಟ್ಟಿಲು ಹತ್ತುವುದು ಸುಲಭ.

ನಾಲ್ಕನೆಯದು ಈಗ ಎಲ್ಲರ ಬಾಯಲ್ಲಿರುವ ಪಾಡ್‌ಕಾಸ್ಟ್. ಹಾಗಂದ್ರೆ ಏನು ಅಂತ ಅತ್ತೆಗೆ ಹೇಳಬೇಕಾದರೆ ‘ಮೊಬೈಲ್‌ನಾಗ ಬೇಕಾದಾಗ ಹಚ್ಚಿ ಕೇಳೂ ರೇಡಿಯೊ’ ಅನ್ನಿ, ಸಾಕು. 2018ರಲ್ಲಿ ಬೆಂಗಳೂರಿನ ಗೆಳೆಯರು ‘ತಲೆ-ಹರಟೆ’ ಅನ್ನೋ ಕನ್ನಡ ಪಾಡ್‌ಕಾಸ್ಟ್ ಶುರು ಮಾಡಿ ಬೇರೆ ಬೇರೆ ಕ್ಷೇತ್ರದವರನ್ನು ಕೂರಿಸಿಕೊಂಡು ಆರಾಮಾಗಿ ಹರಟೆ ಹೊಡೆದರು. ಆಮೇಲೆ ಕನ್ನಡದಲ್ಲಿ ಇಂಥವು ಎಷ್ಟೋ ಬಂದಿವೆ. ಇಲ್ಲಿ ಮಾತಿಗೆ ಸಮಯ ಧಾರಾಳ. ರೇಡಿಯೊದಲ್ಲಿ ಹತ್ತು ನಿಮಿಷ ಸಿಕ್ಕರೆ ಇಲ್ಲಿ ಒಂದು ತಾಸು ಸಿಗಬಹುದು. ಮನೆಯಿಂದಲೇ ಫೋನಿನಲ್ಲಿ ಮಾತಾಡುವ ಅನುಕೂಲವೂ ಹಲವು ಕಡೆ ಇದೆ. ಆದರೆ ಬರೆಯುವ ಮುಂಚೆ ಆ ಕಾರ್ಯಕ್ರಮದ ಎರಡು ಮೂರು ಕಂತು ಕೇಳಿ. ಸಿನಿಮಾ ಬಗ್ಗೆ ಮಾತಾಡುವವರ ಹತ್ತಿರ ಉಪ್ಪಿನಕಾಯಿ ವಿಷಯ ಒಯ್ದರೆ ಏನು ಉಪಯೋಗ?

ಪತ್ರ ಹೇಗಿರಬೇಕು?

ಇಲ್ಲಿಯೇ ಬಹಳ ಮಂದಿ ಎಡವುವುದು. ಸಾಮಾನ್ಯವಾಗಿ ಪತ್ರ ಹೀಗಿರುತ್ತದೆ: ‘ಮಾನ್ಯರೇ, ನಾನು ಪದವೀಧರೆ. ಚಿಕ್ಕಂದಿನಿಂದಲೂ ಅಡುಗೆಯಲ್ಲಿ ಬಹಳ ಆಸಕ್ತಿ. ಅನೇಕ ಬಹುಮಾನ ಬಂದಿವೆ. ದಯವಿಟ್ಟು ನನ್ನ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬರೆಯಬೇಕಾಗಿ ವಿನಂತಿ.’

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಓದುವವರಿಗೆ ಸಿಗುವುದೂ ಏನಿಲ್ಲ! ಅದರ ಬದಲು ಮುಂಡರಗಿಯ ಒಬ್ಬ ಗೃಹಿಣಿ ಹೀಗೆ ಬರೆದರು ಅಂದುಕೊಳ್ಳಿ:

‘ನಮಸ್ಕಾರ. ಪಂಚಮಿಗೆ ಉಂಡಿ ಕಟ್ಟುವಾಗ ಬೆಲ್ಲದ ಪಾಕ ಮೀರಿ ಉಂಡಿ ಕಲ್ಲಿನಂತಾಗುವುದು ಎಷ್ಟೋ ಮನೆಗಳ ತೊಂದರೆ. ನಾನು ಹನ್ನೆರಡು ವರ್ಷದಿಂದ ಮುಂಡರಗಿಯಲ್ಲಿ ಹಬ್ಬದ ಉಂಡಿ ಮಾಡಿ ಮಾರುತ್ತಿದ್ದೇನೆ. ಶೇಂಗಾ, ಎಳ್ಳು, ಪುಟಾಣಿ ಮೂರಕ್ಕೂ ಪಾಕದ ಹದ ಬೇರೆ. ಆ ಹದ ತಿಳಿಯುವ ಗುರುತು ಯಾವುದು, ಪಾಕ ಮೀರಿದರೆ ಏನು ಮಾಡಬೇಕು ಅನ್ನುವುದನ್ನು ನಿಮ್ಮ ಓದುಗರಿಗೆ ತಿಳಿಸಬಲ್ಲೆ. ಹಬ್ಬಕ್ಕೆ ಇನ್ನೂ ಆರು ವಾರ ಇದೆ. ಮಧ್ಯಾಹ್ನ 2ರಿಂದ 4 ಗಂಟೆಯವರೆಗೆ ಫೋನಿನಲ್ಲಿ ಸಿಗುತ್ತೇನೆ.’

ವ್ಯತ್ಯಾಸ ಗೊತ್ತಾಯಿತಲ್ಲ? ಮೊದಲ ಪತ್ರದಲ್ಲಿ ‘ನನಗೆ ಕೊಡಿ’ ಅಂತ ಇದೆ. ಎರಡನೆಯದರಲ್ಲಿ ‘ನಿಮ್ಮ ಓದುಗರಿಗೆ ನಾನು ಇದನ್ನು ಕೊಡ್ತೀನಿ’ ಅಂತ ಇದೆ. ಎರಡನೇ ಪತ್ರ ಬರೆದಾಕೆ ಎಲ್ಲಿಯೂ ತನ್ನನ್ನು ಹೊಗಳಿಕೊಂಡಿಲ್ಲ. ಆದರೂ ಆಕೆ ಎಂಥ ಜಾಣೆ ಅನ್ನೋದು ತಾನಾಗಿಯೇ ತಿಳಿಯುತ್ತದೆ. ‘ಹೇಳಿಕೊಳ್ಳೋಕೆ ನಾಚಿಕೆ’ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ನಿಮ್ಮ ಬಗ್ಗೆ ಹೇಳಬೇಡಿ, ನಿಮಗೆ ಗೊತ್ತಿರೋದನ್ನು ಹೇಳಿ.

ಪತ್ರ ಚಿಕ್ಕದಾಗಿರಲಿ. ನಮ್ಮ ಪಕ್ಕದ ಶಿಗ್ಗಾಂವಿಯಲ್ಲಿ ಹುಟ್ಟಿದ ಸುಧಾ ಮೂರ್ತಿ ಅವರ ಕಥೆ ನಿಮಗೆ ಗೊತ್ತೇ ಇದೆ. 1974ರಲ್ಲಿ ಟೆಲ್ಕೊ ಕಂಪನಿಯ ಕೆಲಸದ ಜಾಹೀರಾತಿನಲ್ಲಿ ಹೆಣ್ಣುಮಕ್ಕಳು ಅರ್ಜಿ ಹಾಕಬೇಕಿಲ್ಲ ಅಂತ ಇದ್ದದ್ದನ್ನು ನೋಡಿ ಅವರು ನೇರ ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್‌ಕಾರ್ಡ್ ಬರೆದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಅದು ಪತ್ರಿಕೆಗೆ ಬರೆದ ಪತ್ರವಲ್ಲ, ನಿಜ. ಆದರೆ ಒಂದು ಕಾರ್ಡಿನಲ್ಲಿ ಹಿಡಿಸುವಷ್ಟು ಮಾತು, ಒಂದೇ ವಿಷಯ, ಸರಿಯಾದ ವ್ಯಕ್ತಿಯ ವಿಳಾಸ ಈ ಮೂರು ಅದರಲ್ಲಿದ್ದವು. ನಮ್ಮ ಪತ್ರಕ್ಕೂ ಈ ಮೂರಿದ್ದರೆ ಸಾಕು.

ಪತ್ರ ಬರೆದ ಮೇಲೆ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ:

* ಮೊದಲ ಎರಡು ಸಾಲಿನಲ್ಲೇ ವಿಷಯ ಬಂದಿದೆಯಾ?
* ಇದನ್ನು ಕೇಳಿದವರಿಗೆ ಅಡುಗೆಮನೆಯಲ್ಲೋ ಜೇಬಿನಲ್ಲೋ ಮನಸ್ಸಿನಲ್ಲೋ ಏನಾದರೂ ಉಪಯೋಗ ಇದೆಯಾ?
* ‘ಬಹಳ’, ‘ಅನೇಕ’ ಅನ್ನೋ ಕಡೆ ಅಂಕಿ ಹಾಕಬಹುದಾ? ‘ಅನೇಕರಿಗೆ ಕಲಿಸಿದ್ದೇನೆ’ ಅನ್ನೋದಕ್ಕಿಂತ ‘ಮೂವತ್ತು ಹುಡುಗಿಯರಿಗೆ ಕಲಿಸಿದ್ದೇನೆ’ ಅನ್ನೋದು ಗಟ್ಟಿ.
* ಹೆಸರು, ಊರು, ಫೋನಿಗೆ ಸಿಗುವ ಸಮಯ ಬರೆದಿದ್ದೀನಾ?

ವೇಳೆ ನೋಡಿ ಬರೆಯಿರಿ

ಸಂಪಾದಕರು ದಿನಾ ಕೇಳಿಕೊಳ್ಳುವ ಪ್ರಶ್ನೆ ‘ಇದು ಈಗ ಯಾಕೆ?’ ಅಂತ. ಅದಕ್ಕೆ ನಿಮ್ಮ ಪತ್ರದಲ್ಲೇ ಉತ್ತರ ಇರಬೇಕು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲುವ ಬುತ್ತಿ, ಸಂಕ್ರಾಂತಿಗೆ ಮಾದಲಿ, ಬೇಸಿಗೆಗೆ ಹಪ್ಪಳ ಸಂಡಿಗೆ, ಜೂನ್‌ಗೆ ಮಕ್ಕಳ ಶಾಲೆ ಡಬ್ಬಿ ಹೀಗೆ ಪ್ರತಿಯೊಂದಕ್ಕೂ ಒಂದು ಕಾಲ ಇದೆ. ಪುರವಣಿಗಳ ಪುಟ ಮೊದಲೇ ತಯಾರಾಗುವುದರಿಂದ ಹಬ್ಬಕ್ಕೆ ಐದಾರು ವಾರ ಮೊದಲು ಪತ್ರ ಹೋಗಲಿ.

ಅಡುಗೆ, ಹೊಲಿಗೆ ಮಾತ್ರ ವಿಷಯ ಅಂತಲೂ ಅಲ್ಲ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲ ಬಂತೆಂದರೆ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆಗೆ ಅಂತಾರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣ ಅನ್ನೋ ಮನ್ನಣೆಯೂ ಸಿಕ್ಕಿತು. ಪಕ್ಷಿ ತಜ್ಞರ ಮಾತು ಎಲ್ಲ ಕಡೆ ಬರುತ್ತದೆ, ಬರಲಿ. ಆದರೆ ದಿನಾ ಬೆಳಗ್ಗೆ ಆ ದಾರಿಯಲ್ಲಿ ಓಡಾಡುವ, ಈ ವರ್ಷ ಹಕ್ಕಿ ಮೊದಲು ಯಾವಾಗ ಇಳಿದವು, ಹೊಲದವರಿಗೆ ಅವುಗಳಿಂದ ಏನು ತೊಂದರೆ, ಏನು ಖುಷಿ ಅಂತ ಕಂಡ ಹೆಣ್ಣುಮಗಳ ಮಾತು ಎಲ್ಲಿ ಬಂದಿದೆ? ನವೆಂಬರ್‌ಗೆ ಮೊದಲು ಆಕೆ ಒಂದು ಪತ್ರ ಬರೆದರೆ ಯಾವ ಸಂಪಾದಕರು ಬೇಡ ಅಂತಾರೆ?

ನಮ್ಮ ಮಾತೇ ಸಾಕು

‘ನಮಗ ಬೆಂಗಳೂರು ಕನ್ನಡ ಬರಂಗಿಲ್ರಿ, ಮೈಕ್ ಮುಂದ ಹೆಂಗ ಮಾತಾಡೂದು?’ ಇದು ಇನ್ನೊಂದು ಹಿಂಜರಿಕೆ. ಇಂಥವರಿಗೆ ಒಂದು ಮಾತು ನೆನಪಿಸಬೇಕು. ಹತ್ತನೇ ಶತಮಾನದಲ್ಲಿ ಆದಿಕವಿ ಪಂಪ ತನ್ನ ಕಾವ್ಯ ಪುಲಿಗೆರೆಯ ತಿರುಳ್ಗನ್ನಡದ್ದು ಅಂತ ಅಭಿಮಾನದಿಂದ ಹೇಳಿಕೊಂಡ. ಆ ಪುಲಿಗೆರೆ ಯಾವುದು? ನಮ್ಮ ಲಕ್ಷ್ಮೇಶ್ವರ! ಆದಿಕವಿಗೇ ಸಾಕಾದ ಊರಿನ ಮಾತು ಹತ್ತು ನಿಮಿಷದ ಸಂದರ್ಶನಕ್ಕೆ ಸಾಲದೇ? ಪತ್ರವನ್ನು ಎಲ್ಲರಿಗೂ ತಿಳಿಯುವ ಬರಹದ ಕನ್ನಡದಲ್ಲಿ ಬರೆಯಿರಿ. ಮಾತಾಡುವಾಗ ಮನೆಯಲ್ಲಿ ಮಾತಾಡುವ ಹಾಗೆಯೇ ಮಾತಾಡಿ. ‘ಗುರೆಳ್ಳು’ ಅಂದದ್ದು ಮೈಸೂರಿನವರಿಗೆ ತಿಳಿಯದಿದ್ದರೆ ‘ಅಲ್ಲಿ ಹುಚ್ಚೆಳ್ಳು ಅಂತಾರಲ್ಲ, ಅದೇ’ ಅಂತ ಒಂದು ಮಾತು ಸೇರಿಸಿದರಾಯಿತು.

ಕರೆ ಬಂದಾಗ

ಫೋನಿನಲ್ಲಿ ರೆಕಾರ್ಡಿಂಗ್ ಇದ್ದರೆ ಕುಕ್ಕರ್ ಇಳಿಸಿ, ಮಿಕ್ಸಿ ಬಂದ್ ಮಾಡಿ, ಫ್ಯಾನ್ ಆರಿಸಿ. ಬಟ್ಟೆ, ಹಾಸಿಗೆ ಇರುವ ಕೋಣೆಯಲ್ಲಿ ಕೂತರೆ ದನಿ ಪ್ರತಿಧ್ವನಿಸುವುದಿಲ್ಲ. ಹೇಳಬೇಕಾದ ಮೂರು ಮುಖ್ಯ ವಿಷಯ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮೂರೇ ಸಾಕು. ಪೂರ್ತಿ ಬರೆದು ಓದಲು ಹೋದರೆ ಶಾಲೆಯ ಪಾಠ ಒಪ್ಪಿಸಿದ ಹಾಗೆ ಕೇಳಿಸುತ್ತದೆ. ಪತ್ರಿಕೆಗೆ ಫೋಟೊ ಬೇಕಾದರೆ ಸ್ಟುಡಿಯೊದ ಪಾಸ್‌ಪೋರ್ಟ್ ಫೋಟೊ ಕಳಿಸಬೇಡಿ. ಹಗಲು ಬೆಳಕಿನಲ್ಲಿ ಕೆಲಸ ಮಾಡುತ್ತಿರುವಾಗ ಮಗಳ ಕೈಯಲ್ಲಿ ಒಂದು ಫೋಟೊ ತೆಗೆಸಿ, ಕೈ ಮತ್ತು ಮುಖ ಎರಡೂ ಕಾಣುವಂತೆ.

ಮನೆಯವರಿಗೂ ಮೊದಲೇ ವಿಷಯ ತಿಳಿಸಿ. ಪೇಪರ್ ಬಂದ ಮೇಲೆ ಗೊತ್ತಾದರೆ ಇಲ್ಲದ ರಗಳೆ. ಆದರೆ ಒಂದು ಮಾತು, ತಿಳಿಸೋದು ಬೇರೆ, ‘ಮಾಡಲಾ ಬೇಡವಾ’ ಅಂತ ಅಪ್ಪಣೆಗೆ ಕಾಯೋದು ಬೇರೆ. ರೊಟ್ಟಿ ಬಡಿಯಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ರೊಟ್ಟಿಯ ಬಗ್ಗೆ ಮಾತಾಡಲು ಯಾಕೆ ಬೇಕು?

ಎಚ್ಚರವೂ ಇರಲಿ

* ‘ನಿಮ್ಮ ಸಂದರ್ಶನ ಹಾಕ್ತೀವಿ, ಪ್ರಶಸ್ತಿ ಕೊಡ್ತೀವಿ, ಇಷ್ಟು ಸಾವಿರ ಕಟ್ಟಿ’ ಅಂತ ಯಾರಾದರೂ ಫೋನ್ ಮಾಡಿದರೆ ನಮಸ್ಕಾರ ಹೇಳಿ ಇಟ್ಟುಬಿಡಿ. ದುಡ್ಡು ಕೊಟ್ಟು ಹಾಕಿಸಿದ್ದು ಜಾಹೀರಾತು, ಅದು ಗೌರವ ಅಲ್ಲ. ಆಕಾಶವಾಣಿಯಂಥ ಕಡೆ ಮಾತಾಡಿದವರಿಗೇ ಸಂಭಾವನೆ ಕೊಡುತ್ತಾರೆ.
* ಮನೆ ವಿಳಾಸ, ಮಕ್ಕಳ ಶಾಲೆಯ ಹೆಸರು ಪ್ರಕಟವಾಗುವುದು ಬೇಡ. ವ್ಯಾಪಾರಕ್ಕೆ ಬೇಕಿದ್ದರೆ ಒಂದು ಬೇರೆ ಫೋನ್ ನಂಬರ್ ಇಟ್ಟುಕೊಳ್ಳಿ.
* ಕಪ್ಪತಗುಡ್ಡದ ಔಷಧಿ ಗಿಡಗಳ ಬಗ್ಗೆ ನಮ್ಮ ಹಿರಿಯರಿಗೆ ಬಹಳ ಗೊತ್ತು, ನಿಜ. ಆದರೆ ‘ಈ ಸೊಪ್ಪು ತಿಂದರೆ ಸಕ್ಕರೆ ಕಾಯಿಲೆ ಹೋಗುತ್ತದೆ’ ಅಂತ ಮೈಕ್ ಮುಂದೆ ಹೇಳಬೇಡಿ. ಅದನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ಅನಾಹುತ ಯಾರ ತಲೆಗೆ?
* ನಿಮ್ಮ ಕಥೆಯಲ್ಲಿ ಅತ್ತೆ, ನಾದಿನಿ, ನೆರೆಮನೆಯವರು ಬಂದರೆ ಅವರನ್ನು ಕೇಳಿ ಹೇಳಿ. ನಿಮ್ಮ ಕಷ್ಟ ಹೇಳುವ ಹಕ್ಕು ನಿಮಗಿದೆ, ಅವರ ಮನೆಯ ಗುಟ್ಟು ಹೇಳುವ ಹಕ್ಕು ಇಲ್ಲ.

ಉತ್ತರವೇ ಬರದಿದ್ದರೆ? ಬರದೇ ಇರಬಹುದು. ಅಲ್ಲಿಯವರ ಮೇಜಿನ ಮೇಲೆ ದಿನಾ ರಾಶಿ ಪತ್ರಗಳು ಇರುತ್ತವೆ. ಹದಿನೈದು ದಿನ ಬಿಟ್ಟು ಒಂದು ನೆನಪೋಲೆ ಹಾಕಿ, ಒಂದೇ ಒಂದು. ಆಮೇಲೂ ಸುದ್ದಿ ಇಲ್ಲದಿದ್ದರೆ ಬೇರೆ ಪತ್ರಿಕೆಗೆ ಕಳಿಸಿ. ಅದೇ ಬರಹವನ್ನು ಒಂದೇ ದಿನ ನಾಲ್ಕು ಕಡೆ ಕಳಿಸುವುದು ಮಾತ್ರ ಸರಿಯಲ್ಲ. ಎರಡು ಕಡೆ ಅಚ್ಚಾದರೆ ಮುಂದೆ ಎರಡೂ ಬಾಗಿಲು ಮುಚ್ಚಿದಂತೆ. ಪತ್ರಿಕೆಗಳಿಗೆ ಬರೆಯುವ ನನ್ನಂಥವರ ಬರಹವೂ ವಾಪಸ್ ಬರುತ್ತದೆ. ವಾಪಸ್ ಬಂದದ್ದು ಪತ್ರ, ನಾವಲ್ಲ!

ಗಂಡುಮಕ್ಕಳು ಕಟ್ಟೆಯ ಮೇಲೆ ಕೂತು ಗೊತ್ತಿದ್ದದ್ದು, ಗೊತ್ತಿಲ್ಲದ್ದು ಎರಡನ್ನೂ ಧೈರ್ಯವಾಗಿ ಹೇಳುತ್ತಾರೆ. ನಾವು ಗೊತ್ತಿದ್ದದ್ದನ್ನೇ ಹೇಳಲು ಹೆದರುತ್ತೇವೆ. ನಮ್ಮ ಹೆಣ್ಣುಮಕ್ಕಳು ನಮ್ಮನ್ನು ನೋಡಿಯೇ ಕಲಿಯುತ್ತಾರೆ. ಅಮ್ಮ ತನ್ನ ದುಡಿಮೆಗೆ ‘ಏನೂ ಇಲ್ಲ’ ಅಂತ ಹೆಸರಿಟ್ಟರೆ ನಾಳೆ ಮಗಳೂ ತನ್ನ ಕೆಲಸಕ್ಕೆ, ತನ್ನ ಸಂಬಳಕ್ಕೆ ಬೆಲೆ ಕೇಳಲು ಹಿಂಜರಿಯುತ್ತಾಳೆ.

ಹಾಗಾಗಿ ಇವತ್ತು ಮಧ್ಯಾಹ್ನ ಸೀರಿಯಲ್ ಮುಗಿದ ಮೇಲೆ ಒಂದು ಕೆಲಸ ಮಾಡಿ. ಒಂದು ಹಾಳೆ ತೆಗೆದುಕೊಂಡು, ನಿಮಗೆ ಚೆನ್ನಾಗಿ ಗೊತ್ತಿದ್ದು ಬೇರೆಯವರು ನಿಮ್ಮನ್ನು ಬಂದು ಕೇಳುವ ವಿಷಯ ಯಾವುದು ಅಂತ ಬರೆಯಿರಿ. ಒಂದಾದರೂ ಇದ್ದೇ ಇರುತ್ತದೆ. ಅದರ ಬಗ್ಗೆ ಒಂದು ಪೋಸ್ಟ್‌ಕಾರ್ಡಿನಲ್ಲಿ ಹಿಡಿಸುವಷ್ಟು ಬರೆದು, ಯಾರಿಗೆ ಕಳಿಸಬೇಕು ಅಂತ ಗುರುತು ಹಾಕಿಕೊಳ್ಳಿ. ನಾಳೆ ಅಂಚೆಗೆ ಹಾಕಿ, ಇಲ್ಲವೇ ಮಗಳ ಕೈಯಲ್ಲಿ ಇ-ಮೇಲ್ ಮಾಡಿಸಿ. ಏನಂತೀರಿ?